ಒಂದು ಸಲಿಕೆಯಷ್ಟು ಆಚೆ

ಕಮಿಸವ ಊರಿನ ಕೆಳಕೇರಿಯಲ್ಲಿ ಒಟ್ಟು ಒಂಬತ್ತು ಬಾಗಿಲು. ಎಂಟು ಮನೆ, ಒಂದು ಚರ್ಚು. ಚರ್ಚಾಗುವ ಮೊದಲು ಅದು ಒಣಮೀನಿನ ಅಂಗಡಿಯಾಗಿತ್ತು. ಹಾಗಾಗಿ ಕೇರಿಯ ಮನುಷ್ಯರಿಗಿಂತ ಬೆಕ್ಕುಗಳಿಗೇ ಆ ಕಟ್ಟಡದ ಮೇಲೆ ಭಕ್ತಿ ಹೆಚ್ಚು. ಅಲ್ಲಿನ ಪಾದ್ರಿ, ಗಾಯಕವೃಂದ, ಕಸ ಗುಡಿಸುವವನು ಎಲ್ಲವೂ ಆಗಿದ್ದವನು ಪ್ಯೋ ಇನ್‌ಹೋ. ಇಪ್ಪತ್ತೇಳು ವರ್ಷ, ಕೊರಿಯಾದ ಬೂಸಾನಿನವನು. ಆ ಊರಿನಲ್ಲಿ ಹಿಮ ಬೀಳುವುದೇ ಅಪರೂಪ, ಬಿದ್ದ ದಿನ ಜನ ಹೊರಗೆ ಬಂದು ಫೋಟೊ ತೆಗೆದುಕೊಂಡು ಒಳಗೆ ಹೋಗುತ್ತಾರೆ. ಅಂಥವನನ್ನು ಅವನ ಚರ್ಚು ಜಪಾನಿನಲ್ಲಿ ಆಯ್ದು ಆಯ್ದು ನೀಗಾತಾದ ಒಳನಾಡಿಗೆ ಕಳಿಸಿತ್ತು. ಇಲ್ಲಿ ಡಿಸೆಂಬರಿನಲ್ಲಿ ಹಿಮದಡಿ ಮುಚ್ಚಿಹೋದ ಸೈಕಲ್ಲು ಮತ್ತೆ ಕಣ್ಣಿಗೆ ಬೀಳುವುದು ಏಪ್ರಿಲ್ಲಿಗೆ.

ಪ್ರತಿ ಸೋಮವಾರ ಬೂಸಾನಿನಿಂದ ಹಿರಿಯ ಪಾದ್ರಿ ಮಾ ಫೋನು ಮಾಡುತ್ತಿದ್ದರು.

"ಎಷ್ಟು ಜನ?"

"ಮೂರು, ಗುರುಗಳೇ."

"ಹೋದ ವಾರ?"

"ಮೂರು."

"ಅದೇ ಮೂರಾ, ಬೇರೆ ಮೂರಾ?"

ಅದೇ ಮೂರು. ಒಬ್ಬರಿಗೆ ಕಿವಿ ಕೇಳದು, ಇನ್ನೊಬ್ಬರು ಬರುವುದು ಸ್ಟೋವಿನ ಶಾಖಕ್ಕೆ, ಮೂರನೆಯವರು ತಮ್ಮ ಬೆಕ್ಕನ್ನು ಹುಡುಕಿಕೊಂಡು ಬಂದು ಕೂತವರು. ಡಿಸೆಂಬರಿನ ಮೊದಲ ಸೋಮವಾರ ಮಾ ಅವರ ತಾಳ್ಮೆ ತೀರಿತು.

"ನೋಡಪ್ಪಾ, ಮಾರ್ಚ್ ಮುಗಿಯೋದ್ರೊಳಗೆ ಅಲ್ಲಿ ಹೊಸದಾಗಿ ಏನಾದ್ರೂ ಒಂದು ಆಗ್ಬೇಕು. ದೀಕ್ಷಾಸ್ನಾನ ಆಗ್ಲಿ, ಮದುವೆ ಆಗ್ಲಿ, ಒಂದು. ಇಲ್ದಿದ್ರೆ ಬೀಗ ಹಾಕ್ಕೊಂಡು ವಾಪಸ್ ಬಾ. ಇಲ್ಲಿ ಪಾರ್ಕಿಂಗ್ ನೋಡ್ಕೊಳ್ಳೋಕೆ ಜನ ಬೇಕು."

ಪಾರ್ಕಿಂಗಿನ ಮಾತು ಕೇಳಿದ್ದೇ ಪ್ಯೋನ ವೈರಾಗ್ಯ ಜಾಗೃತವಾಯಿತು. ಅವನ ಕಡೆಯ ಕ್ರೈಸ್ತರು ಬೆಳಗಿನ ಐದಕ್ಕೇ ಕೂತು ಗಟ್ಟಿಯಾಗಿ ಪ್ರಾರ್ಥಿಸಿ ದೇವರನ್ನು ಎಬ್ಬಿಸುವ ಪೈಕಿ. ಇಲ್ಲಿಯೂ ಅವನು ದಿನವೂ ಐದಕ್ಕೆ ದೀಪ ಹಚ್ಚಿ ಎಂಟು ಚಾಪೆ ಹಾಸುತ್ತಿದ್ದ. ಐದೂವರೆಗೆ ಎಂಟು ಚಾಪೆ ಸುತ್ತಿಡುತ್ತಿದ್ದ. ಆ ಭಾನುವಾರ ಮೂವರ ಎದುರಿಗೆ, ಉಪಕಾರ ಮಾಡಿದವನ ಹೆಸರು ಪಡೆದವರಿಗೂ ಗೊತ್ತಾಗಬಾರದು, ದೇವರು ಕಂಡರೆ ಸಾಕು ಎಂದು ಭರ್ಜರಿಯಾಗಿ ಉಪದೇಶ ಮಾಡಿದ. ಮಾಡಿದ ಮೇಲೆ ತನಗೇ ಅದು ಬಹಳ ಚೆನ್ನಾಗಿ ಕೇಳಿಸಿತು. ನಲವತ್ತು ದಿನ ಗುಟ್ಟಾಗಿ ಸೇವೆ ಮಾಡುತ್ತೇನೆ, ಕೇರಿಯ ಹೃದಯ ಕರಗಿಸುತ್ತೇನೆ ಎಂದು ವ್ರತ ಹಿಡಿದ. ಗುಟ್ಟು ಗುಟ್ಟಾಗಿಯೇ ಇರಬೇಕೆಂದು ಬೂಸಾನಿಗೆ ಮಾತ್ರ ದಿನಕ್ಕೊಂದು ಫೋಟೊ ಕಳಿಸಿದ.

ಸೇವೆಗೆ ಆರಿಸಿಕೊಂಡದ್ದು ಎದುರುಮನೆಯ ತಾರುಮಿ ಕಿನು ಅವರನ್ನು. ಅರವತ್ತಾರು ವರ್ಷ, ಗಂಡ ಇಲ್ಲ, ಮಕ್ಕಳಿಲ್ಲ. ಎರಡು ವರ್ಷದಲ್ಲಿ ಒಂದೇ ಸಲ ಪ್ಯೋನಿಗೆ ನಾಲ್ಕು ಬೆರಳಿನಷ್ಟು ಬಾಗಿಲು ತೆರೆದು, "ನಮ್ಮದು ಬೌದ್ಧರ ಮನೆ" ಎಂದು ಹೇಳಿ, ಆ ನಾಲ್ಕು ಬೆರಳನ್ನೂ ಮುಚ್ಚಿಕೊಂಡವರು. ಇಂಥವರ ಹೃದಯ ಕರಗಿದರೆ ಉಳಿದ ಏಳು ಮನೆ ತಾವಾಗಿ ಹರಿದುಬರುತ್ತವೆ ಎಂಬುದು ಅವನ ಲೆಕ್ಕ.

ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಹೇಳಬೇಕಾದರೆ ಕೇರಿಯ ಕಾನೂನು ಹೇಳಬೇಕು. ಅದು ಎಲ್ಲೂ ಬರೆದಿಟ್ಟದ್ದಲ್ಲ, ಆದ್ದರಿಂದ ಯಾರೂ ಮುರಿಯುವುದಿಲ್ಲ. ನಿಮ್ಮ ಮನೆಯ ಮುಂದಿನ ಹಿಮ ನೀವು ತೆಗೆಯಬೇಕು. ಗಡಿ ಮುಟ್ಟಿದ ಮೇಲೆ ಪಕ್ಕದವರ ಕಡೆಗೆ ಒಂದು ಸಲಿಕೆಯಷ್ಟು ಆಚೆ ಹೆಚ್ಚಿಗೆ ತೆಗೆಯಬೇಕು. ಒಂದು ಸಲಿಕೆಗಿಂತ ಕಡಿಮೆಯಾದರೆ ನೀವು ಜಿಪುಣರು. ಎರಡು ಸಲಿಕೆಯಾದರೆ ಪಕ್ಕದವರಿಗೆ ಕೈಲಾಗದು ಎಂದು ಆಡಿಕೊಂಡ ಹಾಗೆ. ಇನ್ನು ಒಬ್ಬರ ಮನೆಯ ಮುಂದೆ ಪೂರ್ತಿ ತೆಗೆಯುವುದು ನೆಂಟರು ಮಾತ್ರ. ಇಲ್ಲವೇ ನೆಂಟರಾಗಬೇಕೆಂದು ಇರುವವರು.

ಪ್ಯೋ ಮೊದಲ ದಿನವೇ, ಬೆಳಕು ಹರಿಯುವ ಮೊದಲು, ತಾರುಮಿ ಅವರ ಮನೆ ಮುಂದೆ ಬಾಗಿಲಿನಿಂದ ಬೀದಿಯವರೆಗೆ, ಡಾಂಬರು ಕಾಣುವ ಹಾಗೆ ತೆಗೆದ. ಅಂಚು ದಾರ ಹಿಡಿದು ಕತ್ತರಿಸಿದಂತಿತ್ತು.

ತೆಗೆದದ್ದು ಯಾವುದರಲ್ಲಿ? ಚರ್ಚಿನಲ್ಲಿ ಒಂದು ಮುರುಕು ಸಲಿಕೆ ಇತ್ತು, ಅಷ್ಟೆ. ಪಕ್ಕದ ಮನೆಯ ಕುವಾಬಾರಾ ಅವರ ಗೋಡೆಗೆ ಹಿಮ ತುಂಬಿ ಎಳೆದೊಯ್ಯುವ ದೊಡ್ಡ ತಗಡಿನ ಮೊರ ಒರಗಿರುತ್ತಿತ್ತು. ಕೆಂಪು ಬಣ್ಣ, ಎರಡು ಕೈಯಲ್ಲಿ ಹಿಡಿಯುವ ಹಿಡಿ. ನನಗೆ ಸೊಂಟನೋವು, ಬೇಕಾದಾಗ ತಗೊಳ್ಳಿ ಎಂದು ಕುವಾಬಾರಾ ಯಾವಾಗಲೋ ಹೇಳಿದ್ದರು. ಎರಡು ಮನೆಯ ಸೂರು ಒಂದಕ್ಕೊಂದು ತಾಗಿಕೊಂಡಿದ್ದರಿಂದ ಚರ್ಚಿನಿಂದ ಆ ಗೋಡೆಯವರೆಗೆ ನೆಲದ ಮೇಲೆ ಹಿಮವಿಲ್ಲ, ಹೆಜ್ಜೆ ಮೂಡುವುದಿಲ್ಲ. ಅಲ್ಲಿಂದ ಮುಂದೆ ಮೊರವನ್ನು ಬೆನ್ನ ಹಿಂದೆ ಎಳೆದುಕೊಂಡು ನಡೆದರೆ ನಡೆದವನ ಹೆಜ್ಜೆಯನ್ನು ಮೊರವೇ ಅಳಿಸುತ್ತಾ ಬರುತ್ತದೆ. ಹೀಗೆ ಬೆಳಗಾದಾಗ ಕೇರಿಯ ಕಣ್ಣಿಗೆ ಬಿದ್ದದ್ದು ಇಷ್ಟು: ಕುವಾಬಾರಾ ಅವರ ಗೋಡೆಯಿಂದ ತಾರುಮಿ ಅವರ ಗೇಟಿಗೆ ಒಂದು ಅಗಲವಾದ ಗುರುತು, ಮತ್ತೆ ಗೇಟಿನಿಂದ ಗೋಡೆಗೆ ಇನ್ನೊಂದು.

ಹಿಮದ ಊರಿನವರು ಬೆಳಿಗ್ಗೆ ಪೇಪರಿಗಿಂತ ಮೊದಲು ಬೀದಿ ಓದುತ್ತಾರೆ. ಕಸ ಹಾಕುವ ಜಾಗದಲ್ಲಿ ಏಳು ಗಂಟೆಗೆ ಕೇರಿ ಸಂಘದ ಅಧ್ಯಕ್ಷರ ಹೆಂಡತಿ ಹಾರುಯೆ ಓದು ಮುಗಿಸಿಯೇ ಬಂದಿದ್ದರು.

"ನೋಡಿದ್ರಾ?" ಎಂದರು ಪಕ್ಕದಾಕೆಗೆ.

"ನೋಡ್ದೆ. ಡಾಂಬರು."

"ಡಾಂಬರು." ಹಾರುಯೆ ಕಸದ ಚೀಲದ ಬಾಯಿ ಬಿಗಿದರು. "ನಮ್ಮನೆಯವರು ಮದುವೆಯಾದ ವರ್ಷದಲ್ಲೂ ನಂಗೆ ಡಾಂಬರು ತೋರಿಸಿರಲಿಲ್ಲ."

"ಕುವಾಬಾರಾಗೆ ಸೊಂಟನೋವು ಅಂತಿದ್ರಲ್ಲ?"

"ಸೊಂಟ ಬೇರೆ, ಮನಸ್ಸು ಬೇರೆ ಕಣ್ರೀ."

ಕುವಾಬಾರಾ ಶೋಝೋ ರೈಲ್ವೆಯಲ್ಲಿ ಉಪ ಸ್ಟೇಷನ್ ಮಾಸ್ತರಾಗಿ ನಿವೃತ್ತರಾದವರು. ಎಪ್ಪತ್ತು ವರ್ಷ. ಹೆಂಡತಿ ತೀರಿ ಹನ್ನೊಂದು ವರ್ಷವಾಗಿತ್ತು. ಅಂದಿನಿಂದ ಅವರು ಆಡಿದ ಮಾತನ್ನೆಲ್ಲ ಸೇರಿಸಿದರೆ ಒಂದು ರೈಲು ತಡವಾದ ಪ್ರಕಟಣೆಯಷ್ಟಾಗುತ್ತಿತ್ತು. ಐದನೆಯ ದಿನ ತಾರುಮಿ ಅವರು ಉಪ್ಪಿನಲ್ಲಿ ಹಾಕಿದ ಸಾಸಿವೆ ಸೊಪ್ಪಿನ ಒಂದು ಡಬ್ಬಿ ತಂದು ಅವರ ಕೈಗಿಟ್ಟು ತಲೆಬಾಗಿ ಹೋದರು. ಋಣ ಇಟ್ಟುಕೊಳ್ಳುವ ಹೆಂಗಸಲ್ಲ ಅವರು. ಕುವಾಬಾರಾ ಇದು ವರ್ಷದ ಕೊನೆಯ ಮಾಮೂಲಿ ಮರ್ಯಾದೆ ಎಂದುಕೊಂಡು, ಖಾಲಿ ಡಬ್ಬಿ ಹಿಂದಿರುಗಿಸಬಾರದಲ್ಲ ಎಂದು ಒಣಗಿಸಿದ ಪರ್ಸಿಮನ್ ಹಣ್ಣು ತುಂಬಿ ಕಳಿಸಿದರು. ತಾರುಮಿ ಅವರಿಗೆ ದಿಗಿಲಾಯಿತು. ಹಿಮ ತೆಗೆದದ್ದಲ್ಲದೆ ಹಣ್ಣು ಬೇರೆ. ಮೂಲಂಗಿ ಕಳಿಸಿದರು. ಅಲ್ಲಿಂದ ಅಕ್ಕಿ ಹಪ್ಪಳ ಬಂತು. ಹೊಸ ವರ್ಷದ ಹೊತ್ತಿಗೆ ಆ ಡಬ್ಬಿ ಬೀದಿಯ ಉದ್ದಕ್ಕೂ ಲೋಕಲ್ ರೈಲಿನ ಹಾಗೆ ಓಡಾಡುತ್ತಿತ್ತು.

ಸಂಘದ ಅಧ್ಯಕ್ಷ ಒನೊಝುಕಾ ಅವರಿಗೆ ಎಪ್ಪತ್ತೆಂಟು. ಕೇರಿಯಲ್ಲಿ ತಮಗೆ ತಿಳಿಯದೆ ಏನೋ ನಡೆಯುತ್ತಿದೆ ಎಂದರೆ ಅವರಿಗೆ ಊಟ ಸೇರುವುದಿಲ್ಲ. ಜನವರಿಯ ಮೂರನೆಯ ತಾರೀಕು ಚರ್ಚಿಗೆ ಬಂದು ಸ್ಟೋವಿನ ಮುಂದೆ ಮಂಡಿಯೂರಿದರು.

"ಪಾದ್ರಿಗಳೇ, ನೀವು ಬೆಳಿಗ್ಗೆ ಐದಕ್ಕೇ ಏಳ್ತೀರಿ. ಪಕ್ಕದಲ್ಲೇ ಇದ್ದೀರಿ. ತಾರುಮಿ ಅವರ ಬಾಗಿಲಲ್ಲಿ ಹಿಮ ಯಾರು ತೆಗೀತಾರೆ ಅಂತ ನಿಮಗೆ ಗೊತ್ತಿರ್ಲೇಬೇಕು."

ಬಂತು, ಹೃದಯ ಕರಗಿ ಬಂತು ಎಂದುಕೊಂಡ ಪ್ಯೋ. ಆದರೆ ವ್ರತದಲ್ಲಿ ಇನ್ನೂ ಹದಿನೈದು ದಿನ ಉಳಿದಿದೆ. ಕಣ್ಣು ಕೆಳಗೆ ಹಾಕಿ, "ತೆಗೆಯುವವರಿಗೆ ತಮ್ಮ ಹೆಸರು ಹೊರಗೆ ಬರೋದು ಇಷ್ಟವಿಲ್ಲ" ಎಂದ.

"ಓಹೋ. ಅಂದ್ರೆ ನಿಮ್ಮ ಹತ್ರ ಬಾಯಿಬಿಟ್ಟಿದ್ದಾರೆ."

"ಅದು ಅವರಿಗೂ ದೇವರಿಗೂ ನಡುವಿನ ವಿಷಯ."

"ದೇವರ ತನಕ ಹೋಗಿದೆಯಾ." ಅಧ್ಯಕ್ಷರು ಸ್ಟೋವಿಗೆ ಇನ್ನಷ್ಟು ಹತ್ತಿರ ಸರಿದರು. "ಉದ್ದೇಶ ಒಳ್ಳೇದೇ ತಾನೆ?"

"ಪ್ರೀತಿ," ಎಂದ ಪ್ಯೋ ಮೆಲ್ಲಗೆ. "ಪ್ರೀತಿ ಬಿಟ್ಟು ಬೇರೆ ಏನೂ ಇಲ್ಲ."

ಅಧ್ಯಕ್ಷರು ಟೋಪಿ ತೆಗೆದುಕೊಂಡು ಎದ್ದರು. ಬಾಗಿಲು ದಾಟುವ ಹೊತ್ತಿಗೆ ಕೇರಿಗೆ ಅಧಿಕೃತ ದೃಢೀಕರಣ ಸಿಕ್ಕಿತ್ತು. ಅವರು ಹೋದ ಮೇಲೆ ಪ್ಯೋ ಬೂಸಾನಿಗೆ ಬರೆದ: ಕೇರಿಯ ಹಿರಿಯರೇ ಖುದ್ದಾಗಿ ಬಂದು ವಿಚಾರಿಸುತ್ತಿದ್ದಾರೆ.

ಇಡೀ ಕೇರಿಯ ಗಂಡಸರಲ್ಲಿ ಕೊನೆಗೆ ಸುದ್ದಿ ಮುಟ್ಟಿದ್ದು ಕುವಾಬಾರಾ ಅವರಿಗೆ, ಅದೂ ಕ್ಷೌರದಂಗಡಿಯಲ್ಲಿ. ಕ್ಷೌರಿಕ ಕತ್ತಿನ ಹಿಂದೆ ಕತ್ತರಿ ಆಡಿಸುತ್ತಾ, "ಏನೇ ಹೇಳಿ, ದೊಡ್ಡ ಮನಸ್ಸು ನಿಮ್ದು. ಈ ವಯಸ್ಸಲ್ಲಿ, ಈ ಸೊಂಟ ಇಟ್ಕೊಂಡು, ಒಂದು ದಿನ ತಪ್ಪಿಸದೆ. ಕೇರಿಯೆಲ್ಲ ಅದೇ ಮಾತು" ಎಂದು ಪೂರ್ತಿ ಕಥೆ ಹೇಳಿದ. ಕುವಾಬಾರಾ ಕನ್ನಡಿಯಲ್ಲಿ ತಮ್ಮ ಮುಖ ನೋಡಿದರು. ಮೂವತ್ತೇಳು ವರ್ಷ ರೈಲ್ವೆಯಲ್ಲಿ ಇದ್ದರೂ, ರೈಲು ಹೊತ್ತಿಗೆ ಸರಿಯಾಗಿ ಬಂದಾಗ ಯಾರೂ ಅವರನ್ನು ಹೊಗಳಿರಲಿಲ್ಲ. ತಡವಾದಾಗ ಬೈದವರು ಮಾತ್ರ ಬಹಳ. ಅಲ್ಲ, ನಾನಲ್ಲ ಎನ್ನಬೇಕೆಂದು ಬಾಯಿ ತೆರೆದರು. ಹೊರಗೆ ಬಂದದ್ದು ಬೇರೆ ಮಾತು.

"ಕಿವಿಯ ಕೂದಲನ್ನೂ ಸ್ವಲ್ಪ ನೋಡಿ."

ಮೂವತ್ತನೆಯ ದಿನ ಬೆಳಿಗ್ಗೆ ಪ್ಯೋ ಗೋಡೆಯ ಹತ್ತಿರ ಹೋದರೆ ಮೊರ ಇಲ್ಲ. ಎದುರುಮನೆಯ ಗೇಟಿನ ಬಳಿ ಯಾರೋ ಏದುಸಿರು ಬಿಡುವುದು ಕೇಳಿಸಿತು. ಹೋಗಿ ನೋಡಿದರೆ ಕುವಾಬಾರಾ. ಸೊಂಟಕ್ಕೆ ಹಳೆಯ ರೈಲ್ವೆ ಬೆಲ್ಟು ಬಿಗಿದು, ಮೊರದ ಮೇಲೆ ಬಿದ್ದುಕೊಂಡವರ ಹಾಗೆ ಬಾಗಿ, ಹಿಮವನ್ನು ಬೇಡಿಕೊಳ್ಳುತ್ತಿದ್ದರು.

"ಕುವಾಬಾರಾ-ಸಾನ್, ಏನು ಮಾಡ್ತಾ ಇದ್ದೀರಿ?"

"ಇಪ್ಪತ್ತೊಂಬತ್ತು ದಿನದಿಂದ ಏನು ಮಾಡ್ತಿದ್ದೀನೋ ಅದೇ."

"ಅದು ನಾನು."

"ನೀವೇ ಅಂತ ಗೊತ್ತು. ಮೊರ ದಿನಾ ಒದ್ದೆ ಇರೋದು." ಅವರು ಮೊರ ಬಿಟ್ಟು ನೆಟ್ಟಗೆ ನಿಲ್ಲಲು ಎರಡು ಕಂತು ತೆಗೆದುಕೊಂಡರು. "ಪಾದ್ರಿಗಳೇ, ಇನ್ಮೇಲೆ ನೀವು ಬರಬೇಡಿ. ನಾನು ಮಾಡ್ತೀನಿ."

"ಆದ್ರೆ ಕೇರಿಯವರು ನಿಮ್ಮ ಬಗ್ಗೆ ತಿಳ್ಕೊಂಡಿರೋದು ಸುಳ್ಳು."

"ಹೌದು. ಅದಕ್ಕೇ ಇವತ್ತಿಂದ ನಿಜ ಮಾಡ್ತಾ ಇದ್ದೀನಿ."

"ಹಿಂದಿನ ಇಪ್ಪತ್ತೊಂಬತ್ತು ದಿನ?"

"ಅದನ್ನ ನಿಮ್ಮ ದೇವರು ನೋಡಿದ್ದಾನಲ್ಲ. ಅವನು ಕಂಡ್ರೆ ಸಾಕು ಅಂತ ನೀವೇ ಗೋಡೆ ಅದುರೋ ಹಾಗೆ ಹೇಳ್ತಿದ್ರಿ. ನಮ್ಮಿಬ್ಬರ ಸೂರು ತಾಗಿಕೊಂಡಿದೆ, ಎಲ್ಲ ಕೇಳಿಸುತ್ತೆ."

ಪ್ಯೋನಿಗೆ ತನ್ನ ಉಪದೇಶ ಯಾರಿಗಾದರೂ ನಾಟಿತು ಎಂದು ತಿಳಿದದ್ದು ಅದೇ ಮೊದಲು, ನಾಟಿದ ಜಾಗ ಮಾತ್ರ ಸರಿಯಿರಲಿಲ್ಲ.

"ನಿಮಗೆ ದೇವರಿದ್ದಾನೆ," ಎಂದರು ಕುವಾಬಾರಾ, ಗೇಟಿನ ಕಡೆ ನೋಡುತ್ತಾ. "ನನಗೆ ಸಂಜೆ ಹೊತ್ತು ಟಿವಿ ಬಿಟ್ರೆ ಮಾತಾಡೋಕೆ ಯಾರೂ ಇಲ್ಲ. ಬಿಟ್ಟುಕೊಡಿ."

ಬಿಟ್ಟುಕೊಟ್ಟ. ಕುವಾಬಾರಾ ಆರು ದಿನ ತೆಗೆದರು. ತೆಗೆದರು ಎನ್ನುವುದಕ್ಕಿಂತ ಕೆದಕಿದರು ಎನ್ನಬೇಕು. ಏಳನೆಯ ಬೆಳಿಗ್ಗೆ ಬೀದಿ ಓದಲು ಬಂದ ಹಾರುಯೆ ಬಗ್ಗಿ ಎರಡನೆಯ ಸಲ ಓದಿದರು. ಗುರುತು ಉಲ್ಟಾ ಇತ್ತು. ಗೇಟಿನಿಂದ ಕುವಾಬಾರಾ ಅವರ ಬಾಗಿಲಿನವರೆಗೆ ಮೊರ ಆಳವಾಗಿ, ಒಬ್ಬ ಮನುಷ್ಯನ ಭಾರದಷ್ಟು ಆಳವಾಗಿ ಇಳಿದಿತ್ತು. ಮೊರವನ್ನು ಹಿಂದಿನಿಂದ ತಳ್ಳಿಕೊಂಡು ಹೋದ ಹೆಜ್ಜೆಗಳು ಸಣ್ಣವು, ಹೆಂಗಸಿನ ಬೂಟಿನವು. ಸೊಂಟ ಹಿಡಿದು ನೆಲ ಕಚ್ಚಿದ ಕುವಾಬಾರಾ ಅವರನ್ನು ತಾರುಮಿ ಮೊರದಲ್ಲಿ ಕೂರಿಸಿಕೊಂಡು ಮನೆ ಮುಟ್ಟಿಸಿದ್ದರು.

"ತಳ್ಳಿಕೊಂಡು ಹೋದ್ರಂತೆ," ಎಂದು ಹಾರುಯೆ ಗಂಡನಿಗೆ ವರದಿ ಒಪ್ಪಿಸಿದರು. "ಹೋದವರು ತಿರುಗಿ ಬಂದ ಗುರುತು ಒಂಬತ್ತು ಗಂಟೆಗಿದೆ."

"ಒಂಬತ್ತು."

"ತಿಂಡಿನೂ ಮಾಡಿಕೊಟ್ಟಿರಬೇಕು."

ಇನ್ನು ಕಾಯುವುದು ಕೇರಿಯ ಮರ್ಯಾದೆಗೆ ಸಲ್ಲದು ಎಂದು ಅಧ್ಯಕ್ಷರು ತಾವೇ ಮಧ್ಯಸ್ಥರಾಗಿ ಎರಡೂ ಮನೆಗೆ ಹೋದರು. ಕುವಾಬಾರಾ ಹಾಸಿಗೆಯಲ್ಲಿ ಮಲಗಿದ್ದಲ್ಲಿಂದಲೇ, "ಆಗಬಹುದು" ಎಂದರು. ತಾರುಮಿ, "ಯೋಚನೆ ಮಾಡ್ತೀನಿ" ಎಂದರು. ಕೆಳಕೇರಿಯಲ್ಲಿ ಅದಕ್ಕೆ ಹೂಂ ಎಂದೇ ಅರ್ಥ. ಅಧ್ಯಕ್ಷರು ಅಲ್ಲಿಂದ ನೇರವಾಗಿ ಚರ್ಚಿಗೆ ಬಂದರು.

"ಪಾದ್ರಿಗಳೇ, ಮದುವೆ ನಿಮ್ಮಲ್ಲೇ ಆಗ್ಬೇಕು."

ಪ್ಯೋ ಚಹಾ ಲೋಟ ಕೆಳಗಿಟ್ಟ. "ನಮ್ಮಲ್ಲಾ? ಅವರು ಬೌದ್ಧರಲ್ವಾ?"

"ಅದೇ ತೊಂದರೆ. ನಮ್ಮ ಬೌದ್ಧ ದೇವಸ್ಥಾನದಲ್ಲಿ ಸತ್ತವರ ಹೆಸರಿನ ಫಲಕ ಇಡ್ತಾರೆ. ಅಲ್ಲಿ ಅವಳ ಗಂಡನ ಫಲಕ ಇದೆ, ಇವನ ಹೆಂಡತಿ ಫಲಕನೂ ಇದೆ. ಒಂದೇ ಸಾಲು. ಅವರಿಬ್ಬರ ಕಣ್ಣೆದುರಿಗೆ ಹೇಗೆ ಮದುವೆ ಮಾಡೋದು? ನಿಮ್ಮಲ್ಲಿ ನಮ್ಮ ಕೇರಿಯವರು ಒಬ್ಬರೂ ಸತ್ತಿಲ್ಲ. ಯಾರ ಮುಖವೂ ನೋಡಬೇಕಾಗಿಲ್ಲ."

ಆ ಸೋಮವಾರ ಮಾ ಅವರು ಫೋನಿನಲ್ಲಿ ಎರಡು ಸಲ ದೇವರನ್ನು ಕೊಂಡಾಡಿದರು. ಹನ್ನೆರಡು ಜನ ವಿಮಾನದಲ್ಲಿ ಬರುತ್ತೇವೆ, ಬ್ಯಾನರು ಬರೆಸುತ್ತಿದ್ದೇವೆ, ಪಾರ್ಕಿಂಗಿಗೆ ಬೇರೆಯವನನ್ನು ನೋಡಿಕೊಳ್ಳುತ್ತೇವೆ ಎಂದರು. ಫೋನಿಟ್ಟ ಮೇಲೆ ಪ್ಯೋ ಚಾಪೆಗಳನ್ನು ಎಣಿಸಿದ. ಎಂಟು. ಇನ್ನಷ್ಟು ಕೊಳ್ಳಬೇಕು ಎಂದುಕೊಳ್ಳುತ್ತಿರುವಾಗಲೇ ಬಾಗಿಲು ಸರಿಯಿತು. ತಾರುಮಿ ಅವರು ಎರಡು ವರ್ಷದಲ್ಲಿ ಮೊದಲ ಬಾರಿಗೆ ಒಳಗೆ ಬಂದು, ಬೂಟು ಕಳಚಿ, ಎದುರಿಗೆ ಕೂತರು.

"ಒಂದು ಮಾತು ಕೇಳಿ ಹೋಗ್ತೀನಿ. ಪಾದ್ರಿಗಳು ಸುಳ್ಳು ಹೇಳಲ್ಲ ಅಂತಾರೆ, ನಿಜವಾ?"

"ನಿಜ," ಎಂದ ಪ್ಯೋ.

"ಮೊದಲ ದಿನದಿಂದ ನಮ್ಮನೆ ಮುಂದೆ ಹಿಮ ತೆಗೆದದ್ದು ಕುವಾಬಾರಾ ಅವರೇನಾ?"

ಕೆಟಲಿನಲ್ಲಿ ನೀರು ಕುದಿಯುತ್ತಿತ್ತು. ಹೌದು ಎಂದರೆ ಮದುವೆ, ಬ್ಯಾನರು, ಹನ್ನೆರಡು ಜನ. ಅಲ್ಲ ಎಂದರೆ ಬೂಸಾನಿನ ಪಾರ್ಕಿಂಗು, ಪಕ್ಕದ ಮನೆಯಲ್ಲಿ ಮತ್ತೆ ಟಿವಿ.

"ಚಹಾ ತಗೊಳ್ತೀರಾ?" ಎಂದ ಪ್ಯೋ.

"ಇಲ್ಲ."

"ಈ ವರ್ಷ ಹಿಮ ಜಾಸ್ತಿ ಅಲ್ವಾ."

"ಜಾಸ್ತಿ. ಯಾರು ತೆಗೆದದ್ದು?"

"ನಾನು," ಎಂದ ಪ್ಯೋ. "ಇಪ್ಪತ್ತೊಂಬತ್ತು ದಿನ. ಆಮೇಲೆ ಆರೇಳು ದಿನ ಅವರು. ಅವರದ್ದು ತಪ್ಪಿಲ್ಲ. ಕೇರಿಯವರು ಅಂದ್ಕೊಂಡ್ರು, ಅವರು ಇಲ್ಲ ಅನ್ನಲಿಲ್ಲ, ಅಷ್ಟೆ. ಆ ಸೊಂಟದಲ್ಲಿ ಅವರು ಎಳೆದ ಒಂದು ಮೊರ ನನ್ನ ಹತ್ತು ಮೊರಕ್ಕೆ ಸಮ."

ತಾರುಮಿ ಭುಜ ಇಳಿಬಿಟ್ಟು, "ಸದ್ಯ" ಎಂದರು.

"ಸದ್ಯ?"

"ಮೊದಲನೇ ದಿನದಿಂದ ಮಹಡಿ ಕಿಟಕಿಯಿಂದ ಬೆಳಿಗ್ಗೆ ಬೆಳಿಗ್ಗೆ ಆ ಅಂಚು ನೋಡ್ತಿದ್ದೆ. ಎಷ್ಟು ನೇರ. ಕುವಾಬಾರಾ ಇಂಥ ಮನುಷ್ಯನಾ ಅಂತ ಪರದೆ ಎಳೆದುಬಿಡ್ತಿದ್ದೆ. ನಮ್ಮ ಯಜಮಾನರು ಹೀಗೇ ಇದ್ರು. ಊಟದ ಕಡ್ಡಿ ಒಂದು ಕೂದಲೆಳೆ ಸೊಟ್ಟ ಇಟ್ರೂ ಎತ್ತಿ ನೇರ ಮಾಡೋರು. ಮೂವತ್ತೆಂಟು ವರ್ಷ ನೇರವಾಗಿದ್ದು ಸಾಕಾಗಿದೆ ನಂಗೆ. ಆಮೇಲೆ ಒಂದಿನ ನೋಡ್ತೀನಿ, ಅಂಚು ಹಾವು ಹರಿದ ಹಾಗಿದೆ. ಗೇಟಿನ ಹತ್ರ ಒಂದು ಗುಡ್ಡೆ ಹಾಗೇ ಬಿಟ್ಟಿದ್ದಾರೆ. ಇಂಥವರ ಜೊತೆ ಇರಬಹುದು ಅನ್ನಿಸ್ತು. ಎರಡರಲ್ಲಿ ಯಾವುದು ಅವರ ಕೈ ಅಂತ ಗೊತ್ತಾಗದೆ ಯೋಚನೆ ಮಾಡ್ತೀನಿ ಅಂದಿದ್ದೆ. ಎಲ್ಲ ಅವರೇ ಅಂತ ನೀವು ಹೇಳಿದ್ರೆ, ಹೋಗೋ ದಾರೀಲೇ ಅಧ್ಯಕ್ಷರ ಮನೆಗೆ ಹೋಗಿ ಬೇಡ ಅಂದುಬಿಡ್ತಿದ್ದೆ."

ಸತ್ಯ ಹೇಳಿದ್ದಕ್ಕೆ ಇಷ್ಟು ಬೇಗ ಪ್ರತಿಫಲ ಸಿಗುತ್ತದೆಂದು ಪ್ಯೋ ಯಾವ ಉಪದೇಶದಲ್ಲೂ ಹೇಳಿರಲಿಲ್ಲ. ಅವನ ಮುಖ ಅರಳಿತು.

"ಅರಳಬೇಡಿ," ಎಂದರು ತಾರುಮಿ. "ಇನ್ನು ನಿಮ್ಮ ವಿಷಯ. ತೆಗೀರಿ ಅಂತ ನಾನು ಕೇಳಿದ್ನಾ?"

"ಇಲ್ಲ. ಸೇವೆ ಅಂತ..."

"ನಂಗೆ ಕೈಕಾಲು ಗಟ್ಟಿ ಇದೆ. ಎಪ್ಪತ್ತು ಕೇಜಿ ಗಂಡಸನ್ನ ಮೊರದಲ್ಲಿ ತಳ್ಳಿದ್ದೀನಿ. ಬೆಳಿಗ್ಗೆ ಹಿಮ ತೆಗೆಯೋ ಒಂದು ಗಂಟೇಲೇ ನಾನು ಕೇರಿಯವರ ಹತ್ರ ಮಾತಾಡ್ತಿದ್ದದ್ದು. ಆ ಕಡೆಯಿಂದ ಹಾರುಯೆ ಬರೋಳು, ಈ ಕಡೆಯಿಂದ ನಾನು, ಸಲಿಕೆ ಊರಿಕೊಂಡು ಇಡೀ ಊರಿನ ಸುದ್ದಿ ಆಗ್ತಿತ್ತು. ಈ ವರ್ಷ ಎದ್ದು ನೋಡಿದ್ರೆ ಡಾಂಬರು. ಹೊರಗೆ ಹೋಗೋಕೆ ಒಂದು ನೆಪ ಇಲ್ಲ. ಇಪ್ಪತ್ತೊಂಬತ್ತು ದಿನ ಒಳಗೆ ಕೂತು ಗೋಡೆ ನೋಡಿದ್ದೀನಿ. ಕೇರಿಯಲ್ಲಿ ಎಲ್ಲರೂ ನನ್ನ ಬಗ್ಗೆನೇ ಮಾತಾಡ್ತಿದ್ರಂತೆ. ನಂಗೊಬ್ಬಳಿಗೇ ಕೇಳಿಸಲಿಲ್ಲ."

ಪ್ಯೋ ತಲೆಬಾಗಿದ. ಹಣೆ ಚಾಪೆಗೆ ತಾಗಿತು.

"ಬಾಗಿದ್ರೆ ಮುಗೀಲಿಲ್ಲ," ಎಂದು ತಾರುಮಿ ಎದ್ದು ಬೂಟು ಹಾಕಿಕೊಂಡರು. "ನಾನು ಯಾರ ಋಣಾನೂ ಇಟ್ಕೊಳ್ಳೋಳಲ್ಲ."

ಮದುವೆ ಫೆಬ್ರವರಿ ಇಪ್ಪತ್ತಕ್ಕೆ ಆಯಿತು. ವರ ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಅಷ್ಟು ಹೊತ್ತು ನಿಂತೇ ಇದ್ದರು. ಬೂಸಾನಿನ ಹನ್ನೆರಡು ಜನ ಬ್ಯಾನರು ಹಿಡಿದರು, ಕೇರಿಯ ಎಂಟು ಮನೆಯವರೂ ಬಂದು ಒಣಮೀನಿನ ವಾಸನೆಯಲ್ಲಿ ಕೂತು ಅರ್ಥವಾಗದ ಹಾಡು ಹಾಡಿದರು. ಮಾ ಅವರು ಇನ್ನೂ ಮೂರು ವರ್ಷ ಇಲ್ಲೇ ಇರು ಎಂದು ಬೆನ್ನು ತಟ್ಟಿದರು.

ಆದರೆ ಈ ಕೇರಿಯಲ್ಲಿ ಕಳೆದ ಅಷ್ಟೂ ವರ್ಷದಲ್ಲಿ ಪ್ಯೋನಿಗೆ ಎಲ್ಲಕ್ಕಿಂತ ಉದ್ದವಾಗಿ ಕಂಡದ್ದು ಮದುವೆಗೆ ಮೊದಲು, ತಾರುಮಿ ಅವರು ಚರ್ಚಿಗೆ ಬಂದುಹೋದ ಮರುದಿನದ ಬೆಳಗು. ಐದಕ್ಕೆ ಚಾಪೆ ಹಾಸುತ್ತಿದ್ದವನಿಗೆ ಹೊರಗೆ ಕರ್ರ್ ಕರ್ರ್ ಎಂದು ಸದ್ದು ಕೇಳಿಸಿತು. ಕಿಟಕಿ ಒರೆಸಿ ನೋಡಿದ. ಅರವತ್ತಾರು ವರ್ಷದ ತಾರುಮಿ ಕಿನು ತಲೆಗೆ ಬಟ್ಟೆ ಕಟ್ಟಿಕೊಂಡು ಚರ್ಚಿನ ಬಾಗಿಲಿನ ಹಿಮವನ್ನು ಡಾಂಬರು ಕಾಣುವ ಹಾಗೆ ಎತ್ತಿ ಹಾಕುತ್ತಿದ್ದರು. ಆಚೆ ಬದಿಯಲ್ಲಿ ಹಾರುಯೆ ಸಲಿಕೆ ಊರಿಕೊಂಡು ನಿಂತಿದ್ದರು. ಇಬ್ಬರೂ ಇವನ ಕಡೆ ಕೈ ತೋರಿಸಿ ಏನೋ ಹೇಳಿಕೊಂಡು ನಗುತ್ತಿದ್ದರು.

ಪ್ಯೋ ಮುರುಕು ಸಲಿಕೆ ಹಿಡಿದು ಬಾಗಿಲಿಗೆ ಓಡಿದ. ತಾರುಮಿ ಹೊರಗಿನಿಂದ ಬಾಗಿಲನ್ನು ಅಂಗೈಯಲ್ಲಿ ಒತ್ತಿ ಹಿಡಿದರು.

"ಒಳಗೇ ಕೂತ್ಕೊಳ್ಳಿ ಪಾದ್ರಿಗಳೇ," ಎಂದರು ಗಾಜಿನ ಆಚೆಯಿಂದ. "ಇನ್ನೂ ಇಪ್ಪತ್ತೆಂಟು ದಿನ ಇದೆ."